ಆಸಿಯಾನ್ ದೇಶಗಳು ಒಟ್ಟಾಗಿ ಚೌಕಾಸಿಗೆ ಕೂರಬೇಕಾದ ಕಾಲ

ಮಾನ್ಯ ಸಂಪಾದಕರೇ,

ಅಮೆರಿಕ ಮತ್ತು ಚೀನಾ ನಡುವಿನ ಪೈಪೋಟಿಯ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಒಂದಲ್ಲ ಒಂದು ಬರಹ ದಿನವೂ ಬರುತ್ತಿದೆ. ಆದರೆ ಆ ಪೈಪೋಟಿಯ ನೇರ ಪೆಟ್ಟು ತಿನ್ನುತ್ತಿರುವ ಆಗ್ನೇಯ ಏಷ್ಯಾದ ಬಗ್ಗೆ, ಅಲ್ಲಿನ ಸುಮಾರು 68 ಕೋಟಿ ಜನರ ದೇಶಗಳು ಕಟ್ಟಿಕೊಂಡಿರುವ ಆಸಿಯಾನ್ ಒಕ್ಕೂಟದ ಬಗ್ಗೆ, ಶೃಂಗಸಭೆ ನಡೆಯುವ ದಿನಗಳನ್ನು ಬಿಟ್ಟರೆ ಹೆಚ್ಚು ಚರ್ಚೆಯಾಗುವುದಿಲ್ಲ. ಚರ್ಚೆಯಾದಾಗಲೂ ಅದೊಂದು ಮಾತಿನ ಮಂಟಪ, ಕೈ ಕೈ ಹಿಡಿದು ಫೋಟೊ ತೆಗೆಸಿಕೊಳ್ಳುವುದರ ಆಚೆಗೆ ಅದರಿಂದ ಏನೂ ಆಗದು ಎಂದು ತಳ್ಳಿಹಾಕುವುದೇ ರೂಢಿಯಾಗಿದೆ. ಈ ತೀರ್ಮಾನ ಆತುರದ್ದು. ಜಗತ್ತಿನ ಸಣ್ಣ ಮತ್ತು ಮಧ್ಯಮ ಗಾತ್ರದ ದೇಶಗಳು ದೊಡ್ಡವರ ನಡುವೆ ತಲೆಯೆತ್ತಿ ನಿಲ್ಲಲು ಮಾಡಿದ ಪ್ರಯತ್ನಗಳಲ್ಲಿ ಇದು ಬಹುಮಟ್ಟಿಗೆ ಯಶಸ್ವಿಯಾದದ್ದು. ಅದೇ ಹೊತ್ತಿಗೆ, ಇಷ್ಟು ದಿನ ಅದನ್ನು ಕಾಪಾಡಿದ ಕಾರ್ಯವಿಧಾನವೇ ಇಂದು ಅದನ್ನು ಕಟ್ಟಿಹಾಕುತ್ತಿದೆ ಎಂಬುದೂ ನಿಜ. ಎಲ್ಲರೂ ಒಪ್ಪಿದರೆ ಮಾತ್ರ ನಿರ್ಧಾರ ಎಂಬ ನಿಯಮವನ್ನು ಆಸಿಯಾನ್ ಕೆಲವು ವಿಷಯಗಳಲ್ಲಾದರೂ ಸಡಿಲಿಸದಿದ್ದರೆ ಹೊರಗಿನ ದೊಡ್ಡ ಶಕ್ತಿಗಳು ಅದರ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು ತಮಗೆ ಬೇಕಾದ ಷರತ್ತಿಗೆ ಸಹಿ ಹಾಕಿಸಿಕೊಳ್ಳುತ್ತವೆ. ಅದರ ಪರಿಣಾಮ ಭಾರತದ ಮೇಲೆ, ನಮ್ಮ ಮಲೆನಾಡಿನ ತೋಟಗಳವರೆಗೂ ಆಗುತ್ತದೆ. ಈ ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

1967ರ ಆಗಸ್ಟ್ 8ರಂದು ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ ಮತ್ತು ಥಾಯ್ಲೆಂಡ್ ದೇಶಗಳ ಪ್ರತಿನಿಧಿಗಳು ಬ್ಯಾಂಕಾಕ್‌ನಲ್ಲಿ ಚಿಕ್ಕದೊಂದು ಘೋಷಣೆಗೆ ಸಹಿ ಹಾಕಿದರು. ಆಗ ಈ ಐದು ದೇಶಗಳು ಒಂದನ್ನೊಂದು ನಂಬುವ ಸ್ಥಿತಿಯಲ್ಲಿರಲಿಲ್ಲ. ಇಂಡೊನೇಷ್ಯಾ 1963ರಿಂದ 1966ರವರೆಗೆ ಮಲೇಷ್ಯಾದ ವಿರುದ್ಧ ಅಘೋಷಿತ ಯುದ್ಧವನ್ನೇ ನಡೆಸಿತ್ತು. ಸಬಾ ಪ್ರಾಂತ್ಯ ತನ್ನದೆಂದು ಫಿಲಿಪ್ಪೀನ್ಸ್ ವಾದಿಸುತ್ತಿತ್ತು. ಸಿಂಗಪುರ ಮಲೇಷ್ಯಾದಿಂದ ಬೇರ್ಪಟ್ಟು ಎರಡು ವರ್ಷವಷ್ಟೇ ಕಳೆದಿತ್ತು. ಪಕ್ಕದಲ್ಲಿ ವಿಯೆಟ್ನಾಂ ಯುದ್ಧ ಉರಿಯುತ್ತಿತ್ತು. ಇಂಥ ನೆರೆಹೊರೆಯಲ್ಲಿ ಬಹುಮತದ ನಿರ್ಧಾರ, ದಂಡನೆ, ತನಿಖೆ ಎಂದು ಹೊರಟಿದ್ದರೆ ಒಕ್ಕೂಟ ಮೊದಲ ವರ್ಷವನ್ನೂ ದಾಟುತ್ತಿರಲಿಲ್ಲ. ಒಬ್ಬರ ಮನೆಯ ವಿಷಯದಲ್ಲಿ ಇನ್ನೊಬ್ಬರು ತಲೆಹಾಕಬಾರದು, ಯಾರಿಗೂ ಮುಖಭಂಗವಾಗಬಾರದು, ಎಲ್ಲರೂ ಒಪ್ಪಿದ್ದನ್ನು ಮಾತ್ರ ಮಾಡಬೇಕು ಎಂಬ ಕಟ್ಟುಪಾಡು ಅಂದಿನ ಅನಿವಾರ್ಯತೆಯಿಂದ ಹುಟ್ಟಿತು. 1976ರಲ್ಲಿ ಬಾಲಿಯಲ್ಲಿ ಆದ ಸೌಹಾರ್ದ ಮತ್ತು ಸಹಕಾರ ಒಪ್ಪಂದ ಅದನ್ನು ಬರಹದಲ್ಲಿ ಗಟ್ಟಿಗೊಳಿಸಿತು.

ಈ ಕಟ್ಟುಪಾಡು ಫಲ ಕೊಟ್ಟಿತು. ಸ್ಥಾಪಕ ಐದು ದೇಶಗಳ ನಡುವೆ ಅಂದಿನಿಂದ ಯುದ್ಧ ನಡೆದಿಲ್ಲ. ಲಿಗಿಟಾನ್ ಮತ್ತು ಸಿಪಾದಾನ್ ದ್ವೀಪಗಳ ಒಡೆತನದ ತಕರಾರನ್ನು ಇಂಡೊನೇಷ್ಯಾ ಮತ್ತು ಮಲೇಷ್ಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದವು. 2002ರಲ್ಲಿ ತೀರ್ಪು ಮಲೇಷ್ಯಾದ ಪರವಾಗಿ ಬಂದಾಗ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಇಂಡೊನೇಷ್ಯಾ ತಲೆಬಾಗಿತು. 1978ರ ಕೊನೆಯಲ್ಲಿ ಕಾಂಬೋಡಿಯಾಕ್ಕೆ ಸೇನೆ ನುಗ್ಗಿಸಿದ ವಿಯೆಟ್ನಾಂ ವಿರುದ್ಧ ವಿಶ್ವಸಂಸ್ಥೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾಜತಾಂತ್ರಿಕ ಹೋರಾಟ ನಡೆಸಿದ್ದು ಇದೇ ಒಕ್ಕೂಟ. ಆ ಹೋರಾಟದಲ್ಲಿ ಕಾಂಬೋಡಿಯಾವನ್ನು ಅದುವರೆಗೆ ಆಳಿದ್ದ ಖಮೇರ್ ರೂಜ್‌ನಂಥ ಕೊಲೆಗಡುಕ ಗುಂಪಿಗೆ ವಿಶ್ವಸಂಸ್ಥೆಯ ಪೀಠ ಉಳಿಯುವಂತೆ ನೋಡಿಕೊಂಡ ಕಳಂಕವೂ ಅದಕ್ಕೆ ಅಂಟಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1991ರಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದವಾದ ನಾಲ್ಕೇ ವರ್ಷಗಳಲ್ಲಿ ಅದೇ ವಿಯೆಟ್ನಾಂ ಆಸಿಯಾನ್ ಸದಸ್ಯನಾಗಿ ಬಂದು ಕೂತಿತು. ಹಳೆಯ ಶತ್ರುವನ್ನು ಇಷ್ಟು ಬೇಗ ಪಂಕ್ತಿಗೆ ಕರೆದುಕೊಂಡ ಪ್ರಾದೇಶಿಕ ಒಕ್ಕೂಟಗಳು ಏಷ್ಯಾದಲ್ಲಿ ಬೇರೆ ಇಲ್ಲ. 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ ಸೇರಿದವು. 2025ರ ಅಕ್ಟೋಬರ್‌ನಲ್ಲಿ ಪೂರ್ವ ತಿಮೋರ್ ಹನ್ನೊಂದನೆಯ ಸದಸ್ಯನಾಯಿತು.

ದೊಡ್ಡ ಶಕ್ತಿಗಳನ್ನೂ ತನ್ನ ಅಂಗಳಕ್ಕೆ ಕರೆಸಿಕೊಂಡದ್ದು ಆಸಿಯಾನ್‌ನ ಇನ್ನೊಂದು ಸಾಧನೆ. 1994ರ ಪ್ರಾದೇಶಿಕ ಭದ್ರತಾ ವೇದಿಕೆ, 2005ರಲ್ಲಿ ಆರಂಭವಾದ ಪೂರ್ವ ಏಷ್ಯಾ ಶೃಂಗಸಭೆ, 2020ರಲ್ಲಿ ಸಹಿಯಾದ ಆರ್‌ಸಿಇಪಿ ವ್ಯಾಪಾರ ಒಪ್ಪಂದ, ಇವೆಲ್ಲದರ ನಡುಗಂಬ ಆಸಿಯಾನ್. ಚೀನಾ ಕರೆದ ಸಭೆಗೆ ಜಪಾನ್ ಅನುಮಾನದಿಂದ ಹೋಗುತ್ತದೆ, ಅಮೆರಿಕ ಕರೆದ ಸಭೆಗೆ ಚೀನಾ ಹೋಗುವುದೇ ಅಪರೂಪ. ಆಸಿಯಾನ್ ಕರೆದರೆ ಎಲ್ಲರೂ ಬರುತ್ತಾರೆ, ಏಕೆಂದರೆ ಅದನ್ನು ಕಂಡು ಯಾರೂ ಹೆದರುವುದಿಲ್ಲ. ಇದನ್ನು ಕೆಲವರು ದೌರ್ಬಲ್ಯವೆನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಸೈನ್ಯಬಲವಿಲ್ಲದವರು ಗಳಿಸಬಹುದಾದ ಅತಿ ದೊಡ್ಡ ಆಸ್ತಿ ಇದೇ.

ಹಾಗಾದರೆ ತೊಂದರೆಯಿರುವುದು ಎಲ್ಲಿ? ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಮತ್ತು ಫಿಲಿಪ್ಪೀನ್ಸ್ ಎರಡೂ ತಮ್ಮದೆನ್ನುವ ಒಂದು ಹವಳದ ದಿಬ್ಬವನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಹಳೆಯ ಹಡಗೊಂದನ್ನು ಫಿಲಿಪ್ಪೀನ್ಸ್ 1999ರಲ್ಲಿ ಸೆಕೆಂಡ್ ಥಾಮಸ್ ಎಂಬ ಆ ದಿಬ್ಬದ ಮೇಲೆ ಬೇಕೆಂದೇ ಹತ್ತಿಸಿ ನಿಲ್ಲಿಸಿತು. ಸಿಯೆರಾ ಮಾದ್ರೆ ಎಂಬ ಆ ಹಡಗು ತುಕ್ಕು ಹಿಡಿದು ಅಲ್ಲಲ್ಲಿ ತೂತು ಬಿದ್ದಿದೆ, ಆದರೂ ಬೆರಳೆಣಿಕೆಯ ಸೈನಿಕರು ಅದರಲ್ಲೇ ವಾಸವಿದ್ದು ದೇಶದ ಬಾವುಟ ಹಾರಿಸುತ್ತಿದ್ದಾರೆ. ಅವರಿಗೆ ಅಕ್ಕಿ, ನೀರು, ಔಷಧ ಒಯ್ಯುವ ದೋಣಿಗಳ ಮೇಲೆ ಚೀನಾದ ಕರಾವಳಿ ಪಡೆ ಜಲಫಿರಂಗಿ ಹಾರಿಸುವುದು ಸಾಮಾನ್ಯ ಸುದ್ದಿಯಾಗಿಬಿಟ್ಟಿತ್ತು. 2024ರ ಜೂನ್ 17ರಂದು ಚೀನಾದ ಸಿಬ್ಬಂದಿ ಚಾಕು, ಕೊಡಲಿ ಹಿಡಿದು ದೋಣಿಗಳಿಗೆ ಅಡ್ಡಬಂದರು. ಆ ಗಲಾಟೆಯಲ್ಲಿ ಫಿಲಿಪ್ಪೀನ್ಸ್ ನೌಕಾಪಡೆಯ ಸೈನಿಕನೊಬ್ಬ ಹೆಬ್ಬೆರಳು ಕಳೆದುಕೊಂಡ. ಮುಂದಿನ ತಿಂಗಳು ಎರಡೂ ದೇಶಗಳು ತಮ್ಮೊಳಗೆ ತಾತ್ಕಾಲಿಕ ಹೊಂದಾಣಿಕೆ ಮಾಡಿಕೊಂಡವು. ಈ ಇಡೀ ಪ್ರಕರಣದಲ್ಲಿ ಫಿಲಿಪ್ಪೀನ್ಸ್ ನೆರವಿಗಾಗಿ ನೋಡಿದ್ದು ತಾನು ಸ್ಥಾಪಕ ಸದಸ್ಯನಾಗಿರುವ ಒಕ್ಕೂಟದ ಕಡೆಗಲ್ಲ, ವಾಷಿಂಗ್ಟನ್ ಕಡೆಗೆ.

ಅದಕ್ಕೆ ಕಾರಣವಿದೆ. 2012ರ ಜುಲೈನಲ್ಲಿ ಕಾಂಬೋಡಿಯಾದ ರಾಜಧಾನಿ ನಾಂಪೆನ್‌ನಲ್ಲಿ ನಡೆದ ಆಸಿಯಾನ್ ವಿದೇಶಾಂಗ ಸಚಿವರ ಸಭೆಯಲ್ಲಿ, ಸ್ಕಾರ್ಬರೋ ದಿಬ್ಬದ ಬಳಿ ಚೀನಾ ಜೊತೆ ಆದ ಘರ್ಷಣೆಯನ್ನು ಜಂಟಿ ಹೇಳಿಕೆಯಲ್ಲಿ ಉಲ್ಲೇಖಿಸಬೇಕೆಂದು ಫಿಲಿಪ್ಪೀನ್ಸ್ ಕೇಳಿತು. ಅಧ್ಯಕ್ಷ ಸ್ಥಾನದಲ್ಲಿದ್ದ, ಚೀನಾದ ಹೂಡಿಕೆ ಮತ್ತು ಸಾಲದ ಮೇಲೆ ಬಹಳವಾಗಿ ಅವಲಂಬಿತವಾಗಿದ್ದ ಕಾಂಬೋಡಿಯಾ ಒಪ್ಪಲಿಲ್ಲ. 45 ವರ್ಷಗಳಲ್ಲಿ ಮೊದಲ ಬಾರಿಗೆ ಜಂಟಿ ಹೇಳಿಕೆಯೇ ಹೊರಬರಲಿಲ್ಲ. ಒಮ್ಮತದ ನಿಯಮ ಇರುವ ಕಡೆ ಹೊರಗಿನವರಿಗೆ ಹತ್ತು ದೇಶಗಳನ್ನು ಒಲಿಸಿಕೊಳ್ಳುವ ಅಗತ್ಯವಿಲ್ಲ, ಒಂದನ್ನು ಒಲಿಸಿಕೊಂಡರೆ ಸಾಕು ಎಂಬುದು ಅಂದೇ ಎಲ್ಲರಿಗೂ ತಿಳಿಯಿತು. 2016ರ ಜುಲೈ 12ರಂದು ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿ, ಈ ಸಮುದ್ರದ ಬಹುಭಾಗ ತನ್ನದೆಂದು ಚೀನಾ ತನ್ನ ನಕ್ಷೆಯಲ್ಲಿ ಎಳೆದುಕೊಂಡಿರುವ ಒಂಬತ್ತು ಗೆರೆಗಳ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದು ತೀರ್ಪು ಕೊಟ್ಟಾಗಲೂ, ಆ ತೀರ್ಪನ್ನು ಹೆಸರು ಹಿಡಿದು ಬೆಂಬಲಿಸುವ ಒಂದು ಸಾಲನ್ನು ಬರೆಯಲು ಆಸಿಯಾನ್‌ಗೆ ಸಾಧ್ಯವಾಗಲಿಲ್ಲ. ಸಮುದ್ರದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ಘೋಷಣೆಗೆ ಚೀನಾ ಮತ್ತು ಆಸಿಯಾನ್ ಸಹಿ ಹಾಕಿದ್ದು 2002ರಲ್ಲಿ. ಅದನ್ನು ಕಟ್ಟುನಿಟ್ಟಾದ ನೀತಿ ಸಂಹಿತೆಯನ್ನಾಗಿ ಮಾಡುವ ಮಾತುಕತೆ ಅಂದಿನಿಂದ ಎಳೆದಾಡುತ್ತಲೇ ಇದ್ದು, ಈಗ 2026ರ ಗಡುವು ಹಾಕಿಕೊಳ್ಳಲಾಗಿದೆ. ಆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಚೀನಾ ದಿಬ್ಬಗಳ ಮೇಲೆ ಮಣ್ಣು ಸುರಿದು ದ್ವೀಪ ಮಾಡಿ, ವಿಮಾನ ಇಳಿಯುವ ಓಡುದಾರಿಗಳನ್ನೂ ಕಟ್ಟಿಕೊಂಡಿತು.

ಮ್ಯಾನ್ಮಾರ್ ವಿಷಯದಲ್ಲಿ ಆದದ್ದು ಇನ್ನೂ ನೋವಿನ ಸಂಗತಿ. 2008ರ ಮೇ ತಿಂಗಳಲ್ಲಿ ನರ್ಗೀಸ್ ಚಂಡಮಾರುತ ಐರಾವತಿ ನದಿಯ ಮುಖಜ ಭೂಮಿಯನ್ನು ಅಳಿಸಿಹಾಕಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಅಥವಾ ಕಾಣೆಯಾದಾಗ, ಅಲ್ಲಿನ ಸೇನಾಡಳಿತ ಪಾಶ್ಚಾತ್ಯ ದೇಶಗಳ ನೆರವನ್ನು ಬಾಗಿಲಲ್ಲೇ ತಡೆದಿತ್ತು. ಆಗ ಆಸಿಯಾನ್ ಪ್ರಧಾನ ಕಾರ್ಯದರ್ಶಿಯಾಗಿದ್ದ ಥಾಯ್ಲೆಂಡಿನ ಸುರಿನ್ ಪಿಟ್ಸುವಾನ್ ಅವರು ಪಟ್ಟುಹಿಡಿದು, ಆಸಿಯಾನ್, ವಿಶ್ವಸಂಸ್ಥೆ ಮತ್ತು ಮ್ಯಾನ್ಮಾರ್ ಸರ್ಕಾರ ಮೂರೂ ಸೇರಿದ ವ್ಯವಸ್ಥೆಯೊಂದನ್ನು ರೂಪಿಸಿ ನೆರವಿಗೆ ದಾರಿ ಮಾಡಿಸಿದರು. ಬೇರೆ ಯಾರ ಮಾತನ್ನೂ ಕೇಳದ ಸೇನಾಧಿಕಾರಿಗಳು ನೆರೆಯವರ ಮಾತು ಕೇಳಿದರು. ಆದರೆ 2021ರ ಫೆಬ್ರುವರಿ 1ರಂದು ಅದೇ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತೊಗೆದ ಮೇಲೆ, ಏಪ್ರಿಲ್‌ನಲ್ಲಿ ಜಕಾರ್ತದಲ್ಲಿ ರೂಪಿಸಿದ ಐದು ಅಂಶಗಳ ಸೂತ್ರವನ್ನು ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಕಾಗದದ ಮೇಲೆ ಒಪ್ಪಿ, ಊರಿಗೆ ಮರಳಿದ ನಂತರ ಮರೆತರು. ಅವರನ್ನು ಶೃಂಗಸಭೆಗೆ ಕರೆಯದಿರುವ ನಿರ್ಧಾರವನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸಿಯಾನ್ ಕೈಗೊಂಡಿತು. ಅದರ ಇತಿಹಾಸಕ್ಕೆ ಹೋಲಿಸಿದರೆ ಅದು ದೊಡ್ಡ ಹೆಜ್ಜೆಯೇ. ಆದರೆ ಹಳ್ಳಿಗಳ ಮೇಲೆ ಬಾಂಬು ಬೀಳುವುದು ಅದರಿಂದ ನಿಲ್ಲಲಿಲ್ಲ. ಮ್ಯಾನ್ಮಾರ್ ಜೊತೆ 1,643 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ನಾವು ಇದನ್ನು ದೂರದ ದೇಶದ ಗೋಳೆಂದು ನೋಡುವಂತಿಲ್ಲ. ನಿರಾಶ್ರಿತರಿಗೆ ಬಾಗಿಲು ತೆರೆದ ಮಿಜೋರಾಂನ ಮನೆಗಳಿಗೆ ಇದರ ಭಾರ ಗೊತ್ತಿದೆ.

ಇನ್ನು 2025ರ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಕಾಳಗವನ್ನು ನೋಡಿ. ಇಬ್ಬರೂ ಆಸಿಯಾನ್ ಸದಸ್ಯರು. ಪ್ರೆಯಾ ವಿಹಾರ್ ದೇವಾಲಯ ಕಾಂಬೋಡಿಯಾಕ್ಕೆ ಸೇರಿದ್ದೆಂದು 1962ರಲ್ಲೇ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ್ದರೂ ಸುತ್ತಲಿನ ಗಡಿಯ ತಕರಾರು ಆರಿರಲಿಲ್ಲ. 2025ರ ಜುಲೈ 24ರಂದು ಫಿರಂಗಿ, ರಾಕೆಟ್, ಯುದ್ಧವಿಮಾನಗಳು ಬಳಕೆಗೆ ಬಂದವು; ಐದು ದಿನಗಳಲ್ಲಿ ಹತ್ತಾರು ಜನ ಸತ್ತು ಲಕ್ಷಾಂತರ ಜನ ಊರು ಬಿಟ್ಟರು. ಜುಲೈ 28ರಂದು ಆಸಿಯಾನ್ ಅಧ್ಯಕ್ಷರಾಗಿದ್ದ ಮಲೇಷ್ಯಾದ ಪ್ರಧಾನಿ ಅನ್ವರ್ ಇಬ್ರಾಹಿಂ ಪುತ್ರಜಯದಲ್ಲಿ ಇಬ್ಬರ ನಡುವೆ ಕೂತು ಕದನವಿರಾಮ ಮಾಡಿಸಿದರು. ಆದರೆ ಆ ಎರಡು ದೇಶಗಳನ್ನು ಮಾತುಕತೆಗೆ ಬರುವಂತೆ ಮಾಡಿದ ಒತ್ತಡ, ಯುದ್ಧ ನಿಲ್ಲಿಸದಿದ್ದರೆ ಸುಂಕದ ಮಾತುಕತೆ ಇಲ್ಲವೆಂದ ಅಮೆರಿಕದ ಅಧ್ಯಕ್ಷರ ದೂರವಾಣಿ ಕರೆಯಿಂದ ಬಂದದ್ದು. ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಅದೇ ಅಧ್ಯಕ್ಷರ ಸಮ್ಮುಖದಲ್ಲಿ ಆದ ಒಪ್ಪಂದ ಡಿಸೆಂಬರ್ ಹೊತ್ತಿಗೆ ಮುರಿದುಬಿದ್ದು ಮತ್ತೆ ಗುಂಡು ಹಾರಿತು, ಡಿಸೆಂಬರ್ 27ರಂದು ಮತ್ತೊಂದು ಕದನವಿರಾಮವಾಯಿತು. ಹೊರಗಿನ ದೊಡ್ಡ ಶಕ್ತಿಯ ಬೆದರಿಕೆಯಿಂದ ಬಂದ ಶಾಂತಿ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಗಡಿಯಲ್ಲಿ ವರ್ಷವಿಡೀ ನಿಂತು ನೋಡುವವರು ನೆರೆಯ ದೇಶಗಳವರೇ ಆಗಬೇಕು, ಅವರಿಗೆ ಸಾಕಷ್ಟು ಅಧಿಕಾರವೂ ಇರಬೇಕು.

ಸುಂಕದ ಮಾತು ಬಂದಿತು. 2025ರ ಏಪ್ರಿಲ್ 2ರಂದು ಅಮೆರಿಕ ಘೋಷಿಸಿದ ಪಟ್ಟಿಯಲ್ಲಿ ಕಾಂಬೋಡಿಯಾದ ಮೇಲೆ ಶೇ 49, ಲಾವೋಸ್ ಮೇಲೆ ಶೇ 48, ವಿಯೆಟ್ನಾಂ ಮೇಲೆ ಶೇ 46 ಸುಂಕವಿತ್ತು. ಸಿಂಗಪುರಕ್ಕೆ ಶೇ 10 ಮಾತ್ರ. ಪ್ರತೀಕಾರ ಮಾಡುವುದಿಲ್ಲವೆಂದು ಆಸಿಯಾನ್ ಸಚಿವರು ಒಟ್ಟಾಗಿ ಹೇಳಿದರು, ಆದರೆ ಮಾತುಕತೆಗೆ ಒಬ್ಬೊಬ್ಬರಾಗಿ ಹೋದರು. ವಿಯೆಟ್ನಾಂ ಶೇ 20ಕ್ಕೆ ಒಪ್ಪಿಕೊಂಡಿತು. ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಮಲೇಷ್ಯಾ, ಥಾಯ್ಲೆಂಡ್, ಕಾಂಬೋಡಿಯಾಗಳಿಗೆ ಶೇ 19 ನಿಗದಿಯಾಯಿತು. ಮಾತನಾಡುವ ಶಕ್ತಿ ಕಡಿಮೆಯಿದ್ದ ಲಾವೋಸ್ ಮತ್ತು ಮ್ಯಾನ್ಮಾರ್‌ಗೆ ಶೇ 40. ಆ ಸುಂಕಗಳು ಎಷ್ಟು ದಿನ ಉಳಿದವು ಎಂಬುದು ಬೇರೆ ಪ್ರಶ್ನೆ. ಮಲೇಷ್ಯಾ ಸಹಿ ಹಾಕಿದ ಒಪ್ಪಂದದಲ್ಲಿ, ಅಮೆರಿಕ ತನ್ನ ಆರ್ಥಿಕ ಭದ್ರತೆಗಾಗಿ ಮೂರನೆಯ ದೇಶವೊಂದರ ವಿರುದ್ಧ ಕ್ರಮ ಕೈಗೊಂಡರೆ ಮಲೇಷ್ಯಾವೂ ಅದಕ್ಕೆ ಹೊಂದಿಕೊಳ್ಳಬೇಕೆಂಬ ಅರ್ಥದ ಷರತ್ತು ಸೇರಿತು. 1971ರಲ್ಲಿ ಆಗ್ನೇಯ ಏಷ್ಯಾವನ್ನು ಶಾಂತಿ, ಸ್ವಾತಂತ್ರ್ಯ ಮತ್ತು ತಟಸ್ಥತೆಯ ವಲಯವೆಂದು ಘೋಷಿಸಿದ್ದು ಇದೇ ಕ್ವಾಲಾಲಂಪುರದಲ್ಲಿ. ಆಸಿಯಾನ್‌ನ ಒಟ್ಟು ಆರ್ಥಿಕತೆ ನಾಲ್ಕು ಲಕ್ಷ ಕೋಟಿ ಡಾಲರ್ ಆಸುಪಾಸಿನದು, ಹೆಚ್ಚುಕಡಿಮೆ ಭಾರತದಷ್ಟೇ. ಅಷ್ಟು ದೊಡ್ಡ ಮಾರುಕಟ್ಟೆ ಒಂದೇ ನಿಯೋಗವಾಗಿ ಹೋಗಿದ್ದರೆ ಲಾವೋಸ್‌ಗೆ ಶೇ 40ರ ಗತಿ ಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಪರಿಹಾರಕ್ಕಾಗಿ ಬೇರೆಡೆ ಹುಡುಕಬೇಕಾಗಿಲ್ಲ. 2008ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸಿಯಾನ್ ಸನ್ನದಿನಲ್ಲೇ, ಆರ್ಥಿಕ ಬದ್ಧತೆಗಳನ್ನು ಜಾರಿಗೊಳಿಸುವಾಗ ಸಿದ್ಧರಿರುವ ಸದಸ್ಯರು ಮುಂದೆ ಹೋಗಿ ಉಳಿದವರು ಆಮೇಲೆ ಸೇರಬಹುದು ಎಂಬ ಅವಕಾಶವಿದೆ. ಈ ಅವಕಾಶವನ್ನು ಸಮುದ್ರ ಸುರಕ್ಷತೆ, ಗಡಿ ವೀಕ್ಷಣೆ ಮತ್ತು ಮಾನವೀಯ ನೆರವಿಗೂ ವಿಸ್ತರಿಸಬೇಕು. ಯುದ್ಧ ಮಾಡುವ ನಿರ್ಧಾರಕ್ಕೆ, ಸದಸ್ಯನನ್ನು ಹೊರಹಾಕುವ ನಿರ್ಧಾರಕ್ಕೆ ಪೂರ್ಣ ಒಮ್ಮತ ಇರಲಿ. ವೀಕ್ಷಕರನ್ನು ಕಳಿಸಲು, ತೀರ್ಪೊಂದನ್ನು ಉಲ್ಲೇಖಿಸಲು ಎಲ್ಲರ ಒಪ್ಪಿಗೆ ಏಕೆ ಬೇಕು? ಜೊತೆಗೆ ಜಕಾರ್ತದಲ್ಲಿರುವ ಕಾರ್ಯಾಲಯದ ಖರ್ಚಿಗೆ ಸಿಂಗಪುರವೂ ಲಾವೋಸೂ ಸಮನಾಗಿ ಹಣ ಕೊಡುವ ಪದ್ಧತಿಯಿಂದಾಗಿ, ಅತಿ ಬಡವನ ಕೈಲಾಗುವಷ್ಟೇ ಇಡೀ ಒಕ್ಕೂಟದ ಬಜೆಟ್ ಆಗಿದೆ. ಸಮಾನತೆಯ ಗೌರವ ಉಳಿಸಿಕೊಂಡೇ ಸಿರಿವಂತರು ಹೆಚ್ಚು ಕೊಡುವ ದಾರಿಯನ್ನು ಅವರು ಕಂಡುಕೊಳ್ಳಬೇಕು. ಒಮ್ಮತ ಸಡಿಲವಾದರೆ ಲಾವೋಸ್, ಕಾಂಬೋಡಿಯಾದಂಥವು ಪೂರ್ತಿಯಾಗಿ ಚೀನಾದ ಮಡಿಲಿಗೆ ಜಾರಬಹುದು ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಒಮ್ಮತ ಬಿಗಿಯಾಗಿಯೇ ಇದ್ದ ಕಾಲದಲ್ಲೇ ಆ ಜಾರುವಿಕೆ ನಡೆದಿದೆ.

ಭಾರತದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕೂತು ಆಸಿಯಾನ್‌ಗೆ ಬುದ್ಧಿ ಹೇಳುವ ಮುನ್ನ ನಮ್ಮದೇ ಪ್ರದೇಶದ ಒಕ್ಕೂಟದ ಗತಿ ನೋಡಬೇಕು. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್‌ನ ಎರಡನೆಯ ಶೃಂಗಸಭೆ ನಡೆದದ್ದು 1986ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ. ಕಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಆ ಸಭೆಯಲ್ಲೇ. 2014ರ ಕಠ್ಮಂಡು ಸಭೆಯ ನಂತರ ಅದರ ಶೃಂಗಸಭೆ ಮತ್ತೆ ಸೇರಿಲ್ಲ. ಪಾಕಿಸ್ತಾನ ಭಯೋತ್ಪಾದನೆಯನ್ನು ಪೋಷಿಸುವಾಗ ಇಸ್ಲಾಮಾಬಾದಿಗೆ ಹೋಗಲು ಭಾರತ ನಿರಾಕರಿಸಿದ್ದು ಸಹಜವೇ. ಆದರೂ ದಕ್ಷಿಣ ಏಷ್ಯಾದ ದೇಶಗಳು ಕೂತು ಮಾತನಾಡುವ ಜಾಗವೇ ಇಲ್ಲವಾಗಿದ್ದರಿಂದ ಶ್ರೀಲಂಕಾ, ನೇಪಾಳ, ಮಾಲ್ದೀವ್ಸ್‌ಗಳಲ್ಲಿ ಚೀನಾಕ್ಕೆ ದಾರಿ ಸಲೀಸಾಯಿತು. ಸಾವಿರ ಕೊರತೆಗಳಿದ್ದರೂ ವರ್ಷವಿಡೀ ಸಭೆ ಸೇರುತ್ತಲೇ ಇರುವ ಆಸಿಯಾನ್‌ನ ಬೆಲೆ ಈ ಹೋಲಿಕೆಯಲ್ಲಿ ಕಾಣುತ್ತದೆ.

ನಮ್ಮ ಭಾಗದ ಬೆಳೆಗಾರರಿಗೆ ಆಸಿಯಾನ್ ಎಂದೊಡನೆ ನೆನಪಾಗುವುದು ವಿಯೆಟ್ನಾಂ ಮೆಣಸು. 2009ರಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬಂದ ಸರಕು ವ್ಯಾಪಾರ ಒಪ್ಪಂದದಲ್ಲಿ ಕಾಫಿ, ಚಹಾ, ಕಾಳುಮೆಣಸು, ತಾಳೆಎಣ್ಣೆಗಳನ್ನು ವಿಶೇಷ ಪಟ್ಟಿಯಲ್ಲಿಟ್ಟು, ಮೆಣಸಿನ ಸುಂಕವನ್ನು ಹಂತಹಂತವಾಗಿ 2019ರ ಕೊನೆಗೆ ಶೇ 50ಕ್ಕೆ, ಕಾಫಿ ಸುಂಕವನ್ನು ಶೇ 45ಕ್ಕೆ ಇಳಿಸಲಾಯಿತು. ಸುಂಕ ಇಷ್ಟಿದ್ದರೂ ಪೆಟ್ಟು ಬಿದ್ದದ್ದು ಸುತ್ತುಬಳಸಿನ ದಾರಿಯಿಂದ. ವಿಯೆಟ್ನಾಂನ ಮೆಣಸು ಶ್ರೀಲಂಕಾದಲ್ಲಿ ಬೆಳೆದದ್ದೆಂಬ ಮೂಲ ಪ್ರಮಾಣಪತ್ರ ಹೊತ್ತು ಕಡಿಮೆ ಸುಂಕದಲ್ಲಿ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ವರ್ಷಗಟ್ಟಲೆ ದೂರಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಮಾಡಿತು. ಬಳ್ಳಿಯಿಂದ ಮೆಣಸಿನ ಗೊಂಚಲು ಬಿಡಿಸಿ, ಕಣದಲ್ಲಿ ಒಣಗಿಸಿ, ಚೀಲಕ್ಕೆ ತುಂಬಿ ಬೆಲೆಗಾಗಿ ಕಾಯುವವನಿಗೆ ಹನೋಯ್‌ನ ಸುದ್ದಿ ಮಡಿಕೇರಿಯ ಸುದ್ದಿಯಷ್ಟೇ ಹತ್ತಿರದ್ದು. 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿಯಿಂದ ಹಿಂದೆ ಸರಿದಾಗ ರಾಜ್ಯದ ಹಾಲು ಉತ್ಪಾದಕರು ನಿಟ್ಟುಸಿರು ಬಿಟ್ಟದ್ದೂ ನಿಜ. ಅವರ ಭಯ ನ್ಯೂಜಿಲೆಂಡ್‌ನ ಹಾಲಿನ ಪುಡಿಯದು, ಆಸಿಯಾನ್‌ನದಲ್ಲ.

ಬೆಳೆಗಾರನಾಗಿ ನನಗೂ ಈ ಅಳಲು ಇದೆ. ಆದರೂ ಅದನ್ನು ಮುಂದಿಟ್ಟುಕೊಂಡು ಆಸಿಯಾನ್‌ಗೆ ಬೆನ್ನು ತಿರುಗಿಸುವುದು ಸರಿಯಲ್ಲ ಎಂಬುದೇ ನನ್ನ ವಾದ. 2023–24ರಲ್ಲಿ ಭಾರತ ಮತ್ತು ಆಸಿಯಾನ್ ನಡುವಿನ ವಹಿವಾಟು 12,000 ಕೋಟಿ ಡಾಲರ್ ದಾಟಿತ್ತು. ನಮ್ಮ ಆಮದು ರಫ್ತಿನ ಸುಮಾರು ಎರಡರಷ್ಟಿತ್ತು. ಈ ಅಂತರ ಸರಿಪಡಿಸಲು ಒಪ್ಪಂದವನ್ನು 2025ರೊಳಗೆ ಪರಿಷ್ಕರಿಸಬೇಕೆಂದು ಎರಡೂ ಕಡೆಯವರು ಮಾತುಕೊಟ್ಟಿದ್ದರು, ಆ ಕೆಲಸ ಗಡುವಿನೊಳಗೆ ಮುಗಿಯಲಿಲ್ಲ. 2018ರ ಗಣರಾಜ್ಯೋತ್ಸವಕ್ಕೆ ಹತ್ತೂ ದೇಶಗಳ ನಾಯಕರನ್ನು ದೆಹಲಿಗೆ ಕರೆಸಿ, 2022ರಲ್ಲಿ ಸಂಬಂಧವನ್ನು ಸಮಗ್ರ ವ್ಯೂಹಾತ್ಮಕ ಪಾಲುದಾರಿಕೆಯ ಮಟ್ಟಕ್ಕೆ ಏರಿಸಿದ ನಾವು, ಮಣಿಪುರದ ಮೋರೆಯಿಂದ ಥಾಯ್ಲೆಂಡಿನ ಮೇ ಸೋಟ್‌ವರೆಗಿನ ಹೆದ್ದಾರಿಯನ್ನು ಇನ್ನೂ ಪೂರ್ತಿಗೊಳಿಸಿಲ್ಲ. ಅತ್ತ ಚೀನಾ 2020ರಿಂದ ಆಸಿಯಾನ್ ಜೊತೆ ಪರಸ್ಪರ ಅತಿ ದೊಡ್ಡ ವ್ಯಾಪಾರ ಪಾಲುದಾರನಾಗಿದ್ದು, ತನ್ನ ಮುಕ್ತ ವ್ಯಾಪಾರ ಒಪ್ಪಂದವನ್ನು 2025ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿಕೊಂಡಿತು. ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕ್ಷಿಪಣಿ ಮಾರಿದ್ದು ಹೆಮ್ಮೆಯ ವಿಷಯವೇ, ಆದರೆ ಕ್ಷಿಪಣಿಯೊಂದರಿಂದಲೇ ಸಂಬಂಧ ಬೆಳೆಯುವುದಿಲ್ಲ.

ಹಾಗಾಗಿ ಕೇಂದ್ರ ಸರ್ಕಾರ ಎರಡು ವಿಷಯಗಳಿಗೆ ಗಮನ ಕೊಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. 2026ರಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷತೆಯಲ್ಲಿ ಸಮುದ್ರದ ನೀತಿ ಸಂಹಿತೆಯ ಮಾತುಕತೆ ಮುಗಿಯಬೇಕಿದೆ. ಅದು ಅಂತರರಾಷ್ಟ್ರೀಯ ಸಮುದ್ರ ಕಾನೂನಿಗೆ ಬದ್ಧವಾಗಿರಬೇಕು, ಮಲಕ್ಕಾ ಜಲಸಂಧಿಯ ಆಚೆ ಸಾಗುವ ನಮ್ಮಂಥ ಹೊರಗಿನವರ ಹಡಗುಗಳ ಹಕ್ಕನ್ನೂ ಕಾಯಬೇಕು ಎಂಬ ನಿಲುವನ್ನು ಭಾರತ ಗೊಂದಲವಿಲ್ಲದೆ ಹೇಳಬೇಕು. ಎರಡನೆಯದಾಗಿ, ಸರಕು ಒಪ್ಪಂದದ ಪರಿಷ್ಕರಣೆಯನ್ನು ಬೇಗ ಮುಗಿಸಬೇಕು. ಅದರಲ್ಲಿ ಮೂಲ ಪ್ರಮಾಣಪತ್ರದ ತಪಾಸಣೆಯನ್ನು ಬಂದರಿನಲ್ಲೇ ಬಿಗಿಗೊಳಿಸುವ ನಿಯಮ ಸೇರಬೇಕು. ಕರಡು ಸಿದ್ಧವಾಗುವ ಮುನ್ನ ಕಾಫಿ ಮಂಡಳಿ, ಸಂಬಾರ ಮಂಡಳಿಗಳ ಜೊತೆಗೆ ಬೆಳೆಗಾರರ ಸಂಘಗಳನ್ನೂ ಕರೆದು ಕೇಳಬೇಕು. 2009ರಲ್ಲಿ ಒಪ್ಪಂದಕ್ಕೆ ಸಹಿಯಾದ ಮೇಲಷ್ಟೇ ಅದರ ಪಟ್ಟಿ ನಮ್ಮ ಕಡೆಯ ಬಹುತೇಕ ಬೆಳೆಗಾರರ ಕೈಗೆ ಸಿಕ್ಕಿತ್ತು. ಈ ಸಲವಾದರೂ ಸಹಿಗೆ ಮೊದಲೇ ಸಿಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಮತ್ತು ಮೆಣಸು ಬೆಳೆಗಾರ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ